ಹಳೇ ಕಾರು ಹೀಟ್ ಆಗ್ತಿದ್ಯಾ? ರೇಡಿಯೇಟರ್ ಬಿಚ್ಚೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಹಳೇ ಗಾಡಿ ಹೀಟ್ ಆಗ್ತಿದೆ ಅಂದ್ರೆ ಸಾಕು, ಸುತ್ತ ಇರೋರಿಗೆಲ್ಲ ಬಾಯಿ ಬರತ್ತೆ. ಒಬ್ರು ರೇಡಿಯೇಟರ್ ಬ್ಲಾಕ್ ಆಗಿದೆ ಹೊಸದು ಹಾಕ್ಸಿ ಅಂತಾರೆ, ಇನ್ನೊಬ್ರು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ಮಾತ್ರ ನೀರನ್ನ ರೇಡಿಯೇಟರ್‌ಗೆ ಬಿಡೋ ವಾಲ್ವ್) ಕಿತ್ತು ಬಿಸಾಕಿ ಅಂತಾರೆ, ಮತ್ತೊಬ್ರು ಎಲೆಕ್ಟ್ರಿಕ್ ಫ್ಯಾನ್ ಹಾಕ್ಸಿಬಿಡಿ ತಲೆನೋವೇ ಇರಲ್ಲ ಅಂತಾರೆ. ಮೂರೂ ಮಾಡ್ಸಿ ದುಡ್ಡು ಸುರಿದ ಮೇಲೂ ಟೆಂಪರೇಚರ್ ಮೀಟರ್ ಮುಳ್ಳು ಹೋಗಿ ಕೆಂಪಲ್ಲೇ ನಿಲ್ಲತ್ತೆ. ಯಾಕಂದ್ರೆ ಕೇಳಬೇಕಾದ್ದನ್ನ ಯಾರೂ ಕೇಳಿರಲ್ಲ: ಗಾಡಿ ಹೀಟ್ ಆಗೋದು ಯಾವಾಗ? ಟ್ರಾಫಿಕ್‌ನಲ್ಲಿ ನಿಂತಾಗಲಾ, ಸ್ಪೀಡಲ್ಲಿ ಹೋಗುವಾಗಲಾ, ಏರು ಹತ್ತುವಾಗಲಾ, ಇಲ್ಲಾ ಬೆಳಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೇನಾ? ಇದಕ್ಕೆ ಸರಿಯಾದ ಉತ್ತರ ನಿಮ್ಮ ಹತ್ರ ಇದ್ರೆ ಅರ್ಧ ಕೆಲಸ ಮುಗಿದ ಹಾಗೇ. ಅದಿಲ್ದೆ ಪಾರ್ಟ್ಸ್ ತಗೊಳೋಕೆ ಹೋಗ್ಬೇಡಿ.

ಮೊದ್ಲು ಒಂದು ಎಚ್ಚರಿಕೆ, ಗೊತ್ತಿರೋದೇ ಆದ್ರೂ ಹೇಳಲೇಬೇಕು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೀಬೇಡಿ. ಪ್ರೆಶರ್ ಇರೋ ತನಕ ಒಳಗಿನ ನೀರು 100 ಡಿಗ್ರಿ ದಾಟಿದ್ರೂ ಕುದೀದೆ ಸುಮ್ನೆ ಇರತ್ತೆ, ಕ್ಯಾಪ್ ತಿರುಗಿಸಿದ ಕ್ಷಣ ಪ್ರೆಶರ್ ಬಿದ್ದು ಎಲ್ಲಾ ಒಟ್ಟಿಗೇ ಹಬೆಯಾಗಿ ಮುಖಕ್ಕೆ ಚಿಮ್ಮತ್ತೆ. ಮೇಲಿನ ಹೋಸ್ ಬಟ್ಟೆ ಹಿಡಿದು ಹಿಸುಕಿ ನೋಡಿ, ಗಟ್ಟಿಯಾಗಿದ್ರೆ ಇನ್ನೂ ಪ್ರೆಶರ್ ಇದೆ ಅಂತ, ಕಾಯಿರಿ. ಹಾಗೇ ಕಾದ ಇಂಜಿನ್‌ಗೆ ತಣ್ಣೀರು ಸುರೀಬೇಡಿ, ಬ್ಲಾಕೋ (ಇಂಜಿನ್‌ನ ಮೈ) ಹೆಡ್ಡೋ (ಅದರ ಮೇಲೆ ಕೂರೋ ಭಾಗ) ಬಿರುಕು ಬಿಟ್ರೆ ಆಮೇಲೆ ಈ ಗೈಡ್ ಓದಿ ಪ್ರಯೋಜನ ಇಲ್ಲ. ದಾರಿ ಮಧ್ಯೆ ಮುಳ್ಳು ಏರ್ತಿದ್ರೆ ಹೀಟರ್ ಫುಲ್ ಆನ್ ಮಾಡಿ ಅದರ ಫ್ಯಾನೂ ಓಡಿಸಿ, ಹೀಟರ್ ಅನ್ನೋದೂ ಒಂದು ಸಣ್ಣ ರೇಡಿಯೇಟರೇ, ಒಳಗೆ ಕೂತೋರು ಬೆವರಿದ್ರೂ ಇಂಜಿನ್ ಉಳಿಯತ್ತೆ. ಆದ್ರೂ ಇಳೀಲಿಲ್ಲ ಅಂದ್ರೆ ಸೈಡಿಗೆ ಹಾಕಿ ಆಫ್ ಮಾಡಿ.

ನಿಜಕ್ಕೂ ಹೀಟ್ ಆಗ್ತಿದ್ಯಾ, ಇಲ್ಲಾ ಮೀಟರ್ ಸುಳ್ಳು ಹೇಳ್ತಿದ್ಯಾ?

ಇದನ್ನ ತುಂಬಾ ಜನ ಬಿಟ್ಟೇಬಿಡ್ತಾರೆ. ನಲವತ್ತು ಐವತ್ತು ವರ್ಷದ ಮೀಟರ್‌ನ ಕಣ್ಮುಚ್ಚಿ ನಂಬೋದು ಸರಿಯಲ್ಲ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಪೆಟ್ರೋಲ್ ಮೀಟರ್ ಮತ್ತೆ ಟೆಂಪರೇಚರ್ ಮೀಟರ್ ಎರಡಕ್ಕೂ ಸುಮಾರು 10 ವೋಲ್ಟ್ ಕೊಡೋ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಡ್ಯಾಶ್‌ಬೋರ್ಡ್ ಹಿಂದೆ ಇರತ್ತೆ. ಅದು ಕೆಟ್ರೆ, ಅಥವಾ ಅದರ ಅರ್ಥಿಂಗ್ ಲೂಸ್ ಆದ್ರೆ, ಎರಡೂ ಮೀಟರ್‌ಗೆ ಫುಲ್ ಬ್ಯಾಟರಿ ವೋಲ್ಟೇಜ್ ಹೋಗತ್ತೆ, ಎರಡೂ ಮುಳ್ಳು ಮೇಲೆ ತೋರಿಸ್ತವೆ. ಸೋ ಹೀಟ್ ಮೀಟರ್ ಏರ್ತಿರೋ ಹೊತ್ತಲ್ಲೇ ಪೆಟ್ರೋಲ್ ಟ್ಯಾಂಕೂ ಇದ್ದಕ್ಕಿದ್ದ ಹಾಗೆ ತುಂಬಿರೋ ತರ ಕಂಡ್ರೆ ಖುಷಿ ಪಡ್ಬೇಡಿ, ಸ್ಟೆಬಿಲೈಸರ್ ನೋಡಿ. ಇನ್ನೊಂದು, ಇಂಜಿನ್‌ನಲ್ಲಿರೋ ಸೆಂಡರ್‌ನಿಂದ (ಬಿಸಿ ಅಳೆದು ಮೀಟರ್‌ಗೆ ತಿಳಿಸೋ ಸೆನ್ಸರ್) ಬರೋ ವೈರ್ ಎಲ್ಲಾದ್ರೂ ಸವೆದು ಬಾಡಿಗೆ ತಗುಲ್ತಿದ್ರೆ ಮುಳ್ಳು ಸೀದಾ ಕೊನೆಗೆ ಹೋಗತ್ತೆ. ಆ ವೈರ್ ಬಿಚ್ಚಿ ನೋಡಿ, ಮುಳ್ಳು ಪೂರ್ತಿ ಕೆಳಗೆ ಬಂದ್ರೆ ಮೀಟರ್ ಸರಿ ಇದೆ, ಸೆಂಡರ್ರೋ ಬಿಸಿಯೋ ಕಾರಣ. ಬಿಚ್ಚಿದ್ರೂ ಇಳೀಲಿಲ್ಲ ಅಂದ್ರೆ ವೈರಿಂಗೋ ಮೀಟರೋ ಅಷ್ಟೇ.

ನಿಜ ತಿಳ್ಕೊಳೋಕೆ ಒಂದು ಇನ್ಫ್ರಾರೆಡ್ ಥರ್ಮಾಮೀಟರ್ ಇಟ್ಕೊಳ್ಳಿ, ಗನ್ ತರ ಇರತ್ತಲ್ಲ ಅದೇ. ಹಳೇ ಗಾಡಿ ಇಟ್ಕೊಂಡೋರ ಟೂಲ್ ಬಾಕ್ಸಲ್ಲಿ ಇರ್ಲೇಬೇಕಾದ ಸಾಮಾನು ಅಂತ ನನ್ನ ಅಭಿಪ್ರಾಯ. ಆದ್ರೆ ಹೊಳೆಯೋ ಅಲ್ಯುಮಿನಿಯಂ ಅಥವಾ ಹಿತ್ತಾಳೆ ಮೇಲೆ ಹಿಡಿದ್ರೆ ಅದು ಕಮ್ಮಿ ತೋರಿಸತ್ತೆ. ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಇಲ್ಲಾ ಮ್ಯಾಟ್ ಕಪ್ಪು ಪೇಂಟ್ ಒಂದು ಚುಕ್ಕೆ ಹಾಕಿ, ಅಲ್ಲಿಗೇ ಹಿಡೀರಿ. ಅಲ್ಲಿ 85-95 ಬರ್ತಿದೆ, ಎಲ್ಲೂ ಕುದೀತಿಲ್ಲ, ನೀರು ಹೊರಗೆ ಹಾಕ್ತಿಲ್ಲ ಅಂದ್ರೆ ನಿಮ್ಮ ಗಾಡಿಗೆ ಏನೂ ಆಗಿಲ್ಲ, ಮೀಟರ್ ರಿಪೇರಿ ಮಾಡ್ಸಿ ಆರಾಮಾಗಿ ಓಡಿಸಿ.

ನೀರು ಹೊರಗೆ ಹಾಕೋದರ ಬಗ್ಗೆನೂ ಒಂದು ಮಾತು. ಓವರ್‌ಫ್ಲೋ ಬಾಟಲ್ ಇಲ್ದಿರೋ ಹಳೇ ಗಾಡಿಗಳಲ್ಲಿ ರೇಡಿಯೇಟರ್‌ನ ಕತ್ತಿನ ತನಕ ತುಂಬಿಸಿದ್ರೆ, ಬಿಸಿಯಾಗಿ ಹಿಗ್ಗಿದ ನೀರು ಪೈಪಿಂದ ಕೆಳಗೆ ಸುರಿಯತ್ತೆ. ಓನರ್ ನೋಡಿ ಅಯ್ಯೋ ಕುದ್ದು ಹೋಗ್ತಿದೆ ಅಂದ್ಕೊಂಡು ಮತ್ತೆ ತುಂಬಿಸ್ತಾರೆ, ಅದು ಮತ್ತೆ ಸುರಿಯತ್ತೆ, ತಿಂಗಳಾನುಗಟ್ಟಲೆ ಇದೇ ಆಟ. ಅಲ್ಲಿ ಹಿಗ್ಗೋದಕ್ಕೆ ಜಾಗ ಬೇಕು, ಟ್ಯೂಬ್‌ಗಳು ಮುಳುಗಿ ಅದರ ಮೇಲೆ ಸ್ವಲ್ಪ ಇದ್ರೆ ಸಾಕು, ಕತ್ತಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ ಬಿಡಿ. ಗಾಡಿ ತನಗೆ ಬೇಕಾದ ಲೆವೆಲ್‌ಗೆ ಬಂದು ನಿಂತ ಮೇಲೂ ಕಮ್ಮಿ ಆಗ್ತಾನೇ ಇದ್ರೆ ಮಾತ್ರ ತಲೆ ಕೆಡಿಸ್ಕೊಳ್ಳಿ.

ಹಾಗೇ ಆಫ್ ಮಾಡಿದ ಮೇಲೆ ಮುಳ್ಳು ಸ್ವಲ್ಪ ಏರೋದು ಮಾಮೂಲಿ. ಪಂಪ್ ನಿಂತಿರತ್ತೆ, ಕಬ್ಬಿಣದಲ್ಲಿರೋ ಬಿಸಿ ನಿಂತ ನೀರಿಗೆ ಇಳಿಯತ್ತೆ. ಬಿಸಿ ಇರುವಾಗ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಅದು ಬಹುತೇಕ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಕುದ್ದಿರೋದು ಇಲ್ಲಾ ಪೈಪಲ್ಲಿ ವೇಪರ್ ಲಾಕ್ (ಪೆಟ್ರೋಲ್ ಆವಿಯಾಗಿ ಹರಿವು ನಿಲ್ಲೋದು), ಕೂಲಿಂಗ್ ಸಿಸ್ಟಮ್‌ದಲ್ಲ, ಅದನ್ನ ಇದರ ಜೊತೆ ಸೇರಿಸ್ಬೇಡಿ.

ಯಾವಾಗ ಹೀಟ್ ಆಗತ್ತೆ ಅನ್ನೋದರ ಮೇಲೆ ಎಲ್ಲಾ

ನಿಂತಾಗ, ನಿಧಾನಕ್ಕೆ ಹೋಗುವಾಗ ಏರಿ, ಸ್ಪೀಡ್ ಹಿಡಿದ ತಕ್ಷಣ ಇಳಿದ್ರೆ ಅದು ಗಾಳಿ ಪ್ರಾಬ್ಲಮ್, ಅಂದ್ರೆ ಫ್ಯಾನ್ ಕಡೆ ನೋಡಿ. ನಿಂತಾಗ ಸರಿ ಇದ್ದು ಹೈವೇಲಿ ನಿಧಾನಕ್ಕೆ ಏರ್ತಾ ಏರ್ತಾ ಹೋದ್ರೆ ನೀರು ಹರೀತಿಲ್ಲ ಇಲ್ಲಾ ರೇಡಿಯೇಟರ್‌ಗೆ ತಾಕತ್ತಿಲ್ಲ, ಅಂದ್ರೆ ಕೋರ್ (ರೇಡಿಯೇಟರ್ ಮಧ್ಯದ ಟ್ಯೂಬು, ಫಿನ್‌ಗಳ ಭಾಗ), ಪಂಪ್, ಕೆಳಗಿನ ಹೋಸ್. ಏರು ಹತ್ತುವಾಗ, ಲೋಡ್ ಇದ್ದಾಗ ಮಾತ್ರ ಅಂದ್ರೆ ಟೈಮಿಂಗ್ (ಸ್ಪಾರ್ಕ್ ಹೊಡೆಯೋ ಹೊತ್ತು), ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಬೆರಕೆ), ಅಥವಾ ಹೆಡ್ ಗ್ಯಾಸ್ಕೆಟ್ (ಬ್ಲಾಕ್‌ಗೂ ಹೆಡ್‌ಗೂ ಮಧ್ಯೆ ಇರೋ ಸೀಲ್). ಸ್ಟಾರ್ಟ್ ಮಾಡಿ ಐದತ್ತು ನಿಮಿಷದಲ್ಲೇ ಜರ್ರನೆ ಏರಿದ್ರೆ ಥರ್ಮೋಸ್ಟಾಟ್ ಮುಚ್ಕೊಂಡಿದೆ, ಒಳಗೆ ಗಾಳಿ ಸಿಕ್ಕಾಕೊಂಡಿದೆ, ಇಲ್ಲಾ ಗ್ಯಾಸ್ಕೆಟ್ ಹೋಗಿದೆ. ಇದು ನೂರಕ್ಕೆ ನೂರು ಕರೆಕ್ಟ್ ಅಂತ ಅಲ್ಲ, ಎರಡು ಕಾರಣ ಒಟ್ಟಿಗೆ ಸೇರಿದ್ರೆ ಎಲ್ಲಾ ಕಲಸಿ ಹೋಗತ್ತೆ, ಆದ್ರೆ ಎಲ್ಲಿಂದ ಶುರು ಮಾಡ್ಬೇಕು ಅನ್ನೋದು ಗೊತ್ತಾಗತ್ತೆ.

ಮತ್ತೆ ಒಂದೊಂದೇ ಬದಲಾಯಿಸಿ. ಒಂದೇ ದಿನ ಥರ್ಮೋಸ್ಟಾಟ್, ಕ್ಯಾಪ್, ಪಂಪ್ ಎಲ್ಲಾ ಹಾಕಿದ್ರೆ ಸರಿ ಹೋದ್ರೂ ಯಾವುದ್ರಿಂದ ಅಂತ ಗೊತ್ತಾಗಲ್ಲ, ಸರಿ ಹೋಗ್ದೇ ಇದ್ರೆ ಹೊಸ ಪಾರ್ಟೇ ಕೆಟ್ಟಿದ್ಯೇನೋ ಅಂತ ಇನ್ನೊಂದು ಡೌಟು ಬೇರೆ.

ಗಾಳಿ

ಫ್ಯಾನ್ ಬೆಲ್ಟ್ ಮೊದ್ಲು. ಉದ್ದದ ಕಡೆ ಮಧ್ಯದಲ್ಲಿ ಹೆಬ್ಬೆರಳಿಂದ ಒತ್ತಿದ್ರೆ ಸುಮಾರು 12 ಮಿಲಿಮೀಟರ್ ಒಳಗೆ ಹೋಗ್ಬೇಕು. ಜಾಸ್ತಿ ಬಿಗಿ ಮಾಡಿದ್ರೆ ಪಂಪ್ ಮತ್ತೆ ಡೈನಮೋ ಬೇರಿಂಗ್ ತಿಂದು ಹಾಕತ್ತೆ. ಬೆಲ್ಟ್‌ನ ಪಕ್ಕದ ಅಂಚು ಗಾಜಿನ ತರ ನುಣ್ಣಗೆ ಹೊಳೀತಿದ್ರೆ ಅದು ಜಾರ್ತಿದೆ, ವಿ ಶೇಪಿನ ಬೆಲ್ಟ್ ಹಿಡಿಯೋದು ಅದರ ಪಕ್ಕದಿಂದ, ತಳದಿಂದ ಅಲ್ಲ. ಬೆಲ್ಟ್ ಸವೆದು ಪುಲ್ಲಿಯ ತಳಕ್ಕೆ ಕೂತಿದ್ರೆ ಎಷ್ಟು ಬಿಗಿ ಮಾಡಿದ್ರೂ ಜಾರೋದೇ.

ಫ್ಯಾನ್ ಸುತ್ತ ಶ್ರೌಡ್ ಅನ್ನೋ ತಗಡೋ ಪ್ಲಾಸ್ಟಿಕ್ಕೋ ಕವರ್ ಕಂಪನಿಯವ್ರು ಕೊಟ್ಟಿದ್ರೆ ಅದು ಇದ್ಯಾ ನೋಡಿ. ಹಿಂದೆ ಯಾರೋ ಇಂಜಿನ್ ಕೆಲಸ ಮಾಡುವಾಗ ಬಿಚ್ಚಿ, ಕೈಗೆ ಅಡ್ಡ ಬರತ್ತೆ ಅಂತ ವಾಪಸ್ ಹಾಕಿರಲ್ಲ. ಶ್ರೌಡ್ ಇಲ್ಲ ಅಂದ್ರೆ ಫ್ಯಾನ್ ತನ್ನ ಸುತ್ತ ಇರೋ ಬಿಸಿ ಗಾಳಿನೇ ಮತ್ತೆ ಮತ್ತೆ ತಿರುಗಿಸ್ತಾ ಇರತ್ತೆ, ಕೋರ್‌ನ ಮೂಲೆಗಳಿಂದ ಎಳೆಯೋದೇ ಇಲ್ಲ. ರೇಡಿಯೇಟರ್ ಮತ್ತೆ ಮುಂದಿನ ಪ್ಯಾನೆಲ್ ನಡುವಿನ ಸಂದು ಮುಚ್ಚೋ ಫೋಮ್, ರಬ್ಬರ್ ಪಟ್ಟಿ ಕೂಡ ಹಂಗೇ, ಅದು ಉದುರಿ ಹೋಗಿದ್ರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ಹೋಗ್ಬಿಡತ್ತೆ. ಗ್ರಿಲ್ ಮುಂದೆ ಎರಡು ದೊಡ್ಡ ಫಾಗ್ ಲ್ಯಾಂಪು, ಕ್ಲಬ್ ಬ್ಯಾಡ್ಜು, ಹಾರ್ನು ಅಂತ ಅಂಗಡಿ ಇಟ್ಟಿದ್ರೆ ಒಂದು ಸಲ ಬಿಚ್ಚಿಟ್ಟು ಓಡಿಸಿ ನೋಡಿ.

ಫ್ಯಾನ್ ಉಲ್ಟಾ ಹಾಕಿರೋ ಕೇಸು ನೀವಂದ್ಕೊಂಡಷ್ಟು ಅಪರೂಪ ಅಲ್ಲ. ಇಂಜಿನ್ ತಿರುಗಿಸೋ ಫ್ಯಾನ್‌ನ ಹಿಂದುಮುಂದು ಮಾಡಿ ಹಾಕಿದ್ರೂ ಗಾಳಿ ಅದೇ ದಿಕ್ಕಿಗೇ ಹೋಗತ್ತೆ, ಬ್ಲೇಡ್‌ನ ಬಾಗು ಉಲ್ಟಾ ಇರೋದ್ರಿಂದ ತುಂಬಾ ಕಮ್ಮಿ ಹೋಗತ್ತೆ ಅಷ್ಟೇ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಎಲೆಕ್ಟ್ರಿಕ್ ಫ್ಯಾನ್‌ನಲ್ಲಿ ಪ್ಲಸ್ ಮೈನಸ್ ಅದಲು ಬದಲಾದ್ರೆ ಮಾತ್ರ ಗಾಳಿನೇ ಉಲ್ಟಾ ಹೋಗತ್ತೆ, ಸ್ಪೀಡಲ್ಲಿ ಹೋಗುವಾಗ ಎದುರಿಂದ ಬರೋ ಗಾಳಿ ಜೊತೆ ಫ್ಯಾನ್ ಗುದ್ದಾಡ್ತಾ ಇರತ್ತೆ. ಪಾಸಿಟಿವ್ ಅರ್ಥ್ ಇರೋ (ಬ್ಯಾಟರಿಯ ಪ್ಲಸ್ ಬಾಡಿಗೆ ಜೋಡಿಸಿರೋ) ಹಳೇ ಗಾಡಿಗಳಲ್ಲಿ ಇದು ಸುಲಭವಾಗಿ ಆಗತ್ತೆ. ಒಂದು ಕಾಗದದ ಹಾಳೆ ಗ್ರಿಲ್ ಮುಂದೆ ಹಿಡೀರಿ, ಅದು ಕೋರ್‌ಗೆ ಅಂಟ್ಕೋಬೇಕು. 1959ರಲ್ಲಿ ಬಂದ ಮೊದಲ ಮಿನಿಯಂಥ ಗಾಡಿಗಳದ್ದು ಲೆಕ್ಕ ಬೇರೆ, ಅದರ ರೇಡಿಯೇಟರ್ ಪಕ್ಕಕ್ಕೆ ಇದ್ದು ಫ್ಯಾನ್ ಇಂಜಿನ್ ಕಡೆಯ ಗಾಳಿನ ಚಕ್ರದ ಕಡೆ ಹೊರಗೆ ತಳ್ಳತ್ತೆ. ನಿಮ್ಮ ಗಾಡಿಯ ಡಿಸೈನ್ ಏನು ಅಂತ ಮೊದ್ಲು ತಿಳ್ಕೊಂಡು ಆಮೇಲೆ ಕಾಗದ ಹಿಡೀರಿ.

ವಿಸ್ಕಸ್ ಕ್ಲಚ್ (ಬಿಸಿಯಾದಾಗ ಮಾತ್ರ ಫ್ಯಾನ್‌ನ ಬಿಗಿಯಾಗಿ ಹಿಡಿಯೋ, ಒಳಗೆ ಎಣ್ಣೆ ಇರೋ ಜೋಡಣೆ) ಇರೋ ಫ್ಯಾನ್ ಆದ್ರೆ, ಇಂಜಿನ್ ಚೆನ್ನಾಗಿ ಬಿಸಿ ಇರುವಾಗ ಆಫ್ ಮಾಡಿ ಕೈಯಲ್ಲಿ ತಿರುಗಿಸಿ ನೋಡಿ, ಬಿಗಿ ಇರ್ಬೇಕು. ಸರ್ರಂತ ಸುತ್ತು ಹೊಡೆದ್ರೆ, ಹಬ್ ಸುತ್ತ ಎಣ್ಣೆ ಜಿಡ್ಡು ಸೋರಿದ್ರೆ ಕ್ಲಚ್ ಹೋಗಿದೆ.

ನೀರು ಹರಿಯೋದು

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕಂದ್ರೆ ಹಳೇ ಗಾಡಿಗಳ ನಿಜವಾದ ತೊಂದರೆ ಬಹುತೇಕ ಇಲ್ಲೇ ಇರತ್ತೆ.

ಥರ್ಮೋಸ್ಟಾಟ್ ಟೆಸ್ಟ್ ಮಾಡೋದು ತುಂಬಾ ಸುಲಭ. ಬಿಚ್ಚಿ ಒಂದು ಪಾತ್ರೆ ನೀರಲ್ಲಿ ದಾರ ಕಟ್ಟಿ ತೂಗುಬಿಡಿ, ತಳಕ್ಕೆ ತಾಗ್ಬಾರ್ದು, ಜೊತೆಗೆ ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ 74, 82, 88 ಅಂತ ಯಾವುದೋ ನಂಬರ್ ಹೊಡೆದಿರತ್ತೆ, ಅಷ್ಟಕ್ಕೆ ಬಾಯಿ ಬಿಡೋಕೆ ಶುರು ಮಾಡಿ ಇನ್ನೊಂದು ಹತ್ತು ಹದಿನೈದು ಡಿಗ್ರಿ ಆಗೋಷ್ಟರಲ್ಲಿ ಪೂರ್ತಿ ತೆರೀಬೇಕು. ಬಿಚ್ಚೋಕೆ ಇಷ್ಟ ಇಲ್ಲ ಅಂದ್ರೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಮೇಲೆ ಗನ್ ಹಿಡೀತಾ ಇರಿ, ತುಂಬಾ ಹೊತ್ತು ತಣ್ಣಗಿದ್ದು ಆಮೇಲೆ ಇದ್ದಕ್ಕಿದ್ದಂಗೆ ಬಿಸಿಯಾದ್ರೆ ತೆರೀತಿದೆ ಅಂತ ಅರ್ಥ. ಇಂಜಿನ್ ಕುದೀತಿದೆ ಮೇಲಿನ ಹೋಸ್ ಇನ್ನೂ ತಣ್ಣಗಿದೆ ಅಂದ್ರೆ ಅದು ಮುಚ್ಚಿಕೊಂಡೇ ಕೂತಿದೆ.

ಈಗ ಆ ಹಳೇ ಜಗಳ, ಥರ್ಮೋಸ್ಟಾಟ್ ಕಿತ್ತು ಹಾಕೋದು. ತೆಗೆದ್ರೆ ನೀರು ಜೋರಾಗಿ ಹರಿದು ರೇಡಿಯೇಟರ್‌ನಲ್ಲಿ ತಣ್ಣಗಾಗೋಕೆ ಟೈಮ್ ಸಿಗಲ್ಲ ಅಂತ ಒಂದು ವಾದ ಇದೆ, ಅದು ಸರಿಯಲ್ಲ, ಹರಿವು ಜಾಸ್ತಿ ಆದಷ್ಟೂ ಒಟ್ಟು ಬಿಸಿ ಜಾಸ್ತಿನೇ ಸಾಗತ್ತೆ. ಆದ್ರೂ ತೆಗೀಬಾರ್ದು, ಕಾರಣ ಬೇರೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದೇ ಬೈಪಾಸ್ ದಾರಿನ ಮುಚ್ಚತ್ತೆ. ಅದನ್ನ ಕಿತ್ರೆ ಬೈಪಾಸ್ ಯಾವಾಗ್ಲೂ ತೆರೆದೇ ಇರತ್ತೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಖನೇ ನೋಡ್ದೆ ವಾಪಸ್ ಇಂಜಿನ್‌ಗೇ ಹೋಗತ್ತೆ, ಗಾಡಿ ಮೊದಲಿಗಿಂತ ಜಾಸ್ತಿ ಹೀಟ್ ಆಗತ್ತೆ. ಇನ್ನು ಬೈಪಾಸ್ ಮುಚ್ಚದೇ ಇರೋ ಇಂಜಿನ್‌ಗಳಲ್ಲಿ ಗಾಡಿ ಬಿಸಿಯೇ ಏರದೆ ತಣ್ಣಗೇ ಓಡಿ ಆಯಿಲ್‌ನಲ್ಲಿ ನೀರಿನಂಶ ಸೇರತ್ತೆ, ಸಿಲಿಂಡರ್ ಬೇಗ ಸವೆಯತ್ತೆ. ಹೊಸದು ತಗೊಳುವಾಗ ಹಳೇದರ ಜೊತೆ ಹಿಡಿದು ನೋಡಿ, ಬೈಪಾಸ್ ಮುಚ್ಚೋ ಸ್ಲೀವ್ ಅಥವಾ ಕೆಳಗಿನ ಡಿಸ್ಕ್ ಇದ್ರೆ ಹೊಸದ್ರಲ್ಲೂ ಇರ್ಲೇಬೇಕು. ಸಣ್ಣ ಗಾಳಿ ತೂತು ಇದ್ರೆ ಅದು ಮೇಲ್ಗಡೆ ಬರೋ ಹಾಗೆ ಕೂರಿಸಿ.

ಕೆಳಗಿನ ಹೋಸ್ ನೋಡೋರೇ ಕಮ್ಮಿ. ಪಂಪ್ ನೀರನ್ನ ಎಳೆಯೋದು ಅಲ್ಲಿಂದ, ಸೋ ಜೋರಾಗಿ ಎಳೆದಾಗ ಮೆತ್ತಗಾದ ಹೋಸ್ ಒಳಗೆ ಕುಸಿದು ಅಂಟ್ಕೊಳತ್ತೆ. ಅದಕ್ಕೇ ಎಷ್ಟೋ ಗಾಡಿಗಳಲ್ಲಿ ಒಳಗೆ ಒಂದು ಸ್ಪ್ರಿಂಗ್ ಇಟ್ಟಿರ್ತಾರೆ, ಅದು ತುಕ್ಕು ಹಿಡಿದು ಪುಡಿಯಾಗಿರತ್ತೆ, ಹೊಸ ಹೋಸ್ ಹಾಕೋರು ಸ್ಪ್ರಿಂಗ್ ಹಾಕೋದು ಮರೀತಾರೆ. ಐಡ್ಲಿಂಗ್‌ನಲ್ಲಿ ಹೋಸ್ ನೋಡಿದ್ರೆ ಚೆನ್ನಾಗೇ ಇರತ್ತೆ. ಇಂಜಿನ್ ಬಿಸಿಯಾದ ಮೇಲೆ ಒಬ್ರನ್ನ ಕೂರ್ಸಿ 3000 ಆರ್‌ಪಿಎಂ ತನಕ ರೇಸ್ ಕೊಡೋಕೆ ಹೇಳಿ ನೀವು ಫ್ಯಾನ್‌ನಿಂದ ಕೈ, ಬಟ್ಟೆ ದೂರ ಇಟ್ಕೊಂಡು ನೋಡಿ, ಹೋಸ್ ಚಪ್ಪಟೆ ಆದ್ರೆ ಹೈವೇಲಿ ಯಾಕೆ ಹೀಟ್ ಆಗ್ತಿತ್ತು ಅಂತ ಗೊತ್ತಾಯ್ತು. ಇದೇ ರೀತಿ ಗಾಡಿ ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆ ಆಗಿದ್ರೆ ಅದು ಹೋಸ್ ತಪ್ಪಲ್ಲ, ಕ್ಯಾಪ್‌ನಲ್ಲಿರೋ ವ್ಯಾಕ್ಯೂಮ್ ವಾಲ್ವ್ ಅಂಟ್ಕೊಂಡಿದೆ.

ವಾಟರ್ ಪಂಪ್‌ಗೆ ಕೆಳಗೆ ಒಂದು ಸಣ್ಣ ತೂತು ಇರತ್ತೆ, ಅಲ್ಲಿಂದ ನೀರು ತೊಟ್ಟಿಕ್ಕಿದ್ರೆ ಅಥವಾ ಅದರ ಸುತ್ತ ಒಣಗಿದ ಕಲೆ ಇದ್ರೆ ಸೀಲ್ ಹೋಗಿದೆ. ಆ ತೂತಿಗೆ ಎಂಸೀಲ್ ತುಂಬಿ ಲೀಕ್ ನಿಲ್ಲಿಸೋ ಮಹಾನುಭಾವರೂ ಇದಾರೆ, ಹಂಗ್ ಮಾಡಿದ್ರೆ ನೀರು ಬೇರಿಂಗ್‌ಗೆ ಹೋಗತ್ತೆ. ಫ್ಯಾನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಲಟಲಟ ಅಂದ್ರೆ ಬೇರಿಂಗ್ ಹೋಗಿದೆ. ಆದ್ರೆ ಲೀಕೂ ಇಲ್ಲ ಶಬ್ದನೂ ಇಲ್ಲ ಅಂದ ಮಾತ್ರಕ್ಕೆ ಪಂಪ್ ಸರಿ ಇದೆ ಅಂತಲ್ಲ. ವರ್ಷಾನುಗಟ್ಟಲೆ ಬರೀ ನೀರು ಹಾಕಿ ಓಡ್ಸಿದ ಗಾಡಿಗಳಲ್ಲಿ ಇಂಪೆಲ್ಲರ್ (ಪಂಪ್ ಒಳಗೆ ನೀರು ತಳ್ಳೋ ಚಕ್ರ) ರೆಕ್ಕೆಗಳು ಸವೆದು ಮೊಂಡಾಗಿರತ್ತೆ, ಕೆಲವು ಸಲ ಇಂಪೆಲ್ಲರ್ ಶಾಫ್ಟ್ ಮೇಲೆ ಲೂಸಾಗಿ ತಾನು ತಿರುಗೋದೇ ಇಲ್ಲ. ಬಿಚ್ಚದೇ ಇದು ಕಾಣಲ್ಲ.

ಬ್ಲಾಕ್ ಒಳಗಿನ ಹೂಳು ಬಗ್ಗೆ ಯಾರೂ ಮಾತಾಡಲ್ಲ. ತುಕ್ಕು, ಗಡಸು ನೀರಿನ ಬಿಳಿ ಪದರ, ಫ್ಯಾಕ್ಟರಿಯಲ್ಲಿ ಎರಕ ಹೊಯ್ದಾಗ ಉಳಿದ ಮರಳು, ಎಲ್ಲಾ ಸೇರಿ ಹಿಂದಿನ ಸಿಲಿಂಡರ್‌ಗಳ ತಳದಲ್ಲಿ ಕೂರತ್ತೆ, ಯಾಕಂದ್ರೆ ಪಂಪಿನಿಂದ ಅದೇ ದೂರ. ಬ್ಲಾಕ್‌ನ ಡ್ರೈನ್ ಟ್ಯಾಪ್ ತೆಗೀರಿ, ನೀರು ಬರಲಿಲ್ಲ ಅಂದ್ರೆ ಒಳಗೆ ಒಂದು ತಂತಿ ಚುಚ್ಚಿ ಕೆದಕಿ. ಕೆದಕಿದ ಮೇಲೆ ಕಂದು ರಾಡಿ ಇಳಿದು ಬಂದ್ರೆ ನಿಮಗೆ ಹೊಸ ರೇಡಿಯೇಟರ್ ಬೇಡ, ಒಂದಿಡೀ ದಿನ ಫ್ಲಶ್ಶಿಂಗ್ ಬೇಕು. ಹೂಳು ಗಟ್ಟಿಯಾಗಿದ್ರೆ ಕೋರ್ ಪ್ಲಗ್‌ಗಳನ್ನೇ (ಬ್ಲಾಕ್‌ನ ತೂತು ಮುಚ್ಚಿರೋ ತಗಡಿನ ಬಿಲ್ಲೆಗಳು) ತೆಗೆದು ಕೆರೆದು ತೆಗೀಬೇಕಾಗತ್ತೆ, ಬೇರೆ ದಾರಿ ಇಲ್ಲ. ಹಳೇ ಸೈಡ್ ವಾಲ್ವ್ (ವಾಲ್ವ್‌ಗಳು ಹೆಡ್‌ನಲ್ಲಲ್ಲ, ಬ್ಲಾಕ್‌ನಲ್ಲೇ ಇರೋ; ಫ್ಲಾಟ್‌ಹೆಡ್ ಅನ್ನೋದೂ ಇದನ್ನೇ) ಇಂಜಿನ್‌ಗಳು ಕೆಲವುದರಲ್ಲಿ, ಕ್ರೈಸ್ಲರ್‌ನ ಫ್ಲಾಟ್‌ಹೆಡ್ ಸಿಕ್ಸ್ ತರದ್ದು, ಬ್ಲಾಕ್ ಒಳಗೆ ಉದ್ದಕ್ಕೂ ತಗಡಿನ ಒಂದು ನೀರಿನ ಕೊಳವೆ ಇರತ್ತೆ, ಒಂದೊಂದು ವಾಲ್ವ್ ಸೀಟಿಗೂ ನೀರು ತಲುಪಿಸೋದು ಅದರ ಕೆಲಸ. ಅದು ತುಕ್ಕು ತಿಂದು ಹೋದ್ರೆ ಮೀಟರ್ ನಾರ್ಮಲ್ ತೋರಿಸ್ತಾ ಇರತ್ತೆ, ಹಿಂದಿನ ವಾಲ್ವ್‌ಗಳು ಮಾತ್ರ ಸುಡ್ತಾ ಇರ್ತವೆ.

ಫ್ಲಶ್ ಮಾಡುವಾಗ ರೇಡಿಯೇಟರ್, ಬ್ಲಾಕ್, ಹೀಟರ್ ಮೂರನ್ನೂ ಬೇರೆ ಬೇರೆ ಮಾಡ್ಕೊಂಡು ನೀರು ಮಾಮೂಲಿ ಹರಿಯೋ ದಿಕ್ಕಿಗೆ ಉಲ್ಟಾ ಬಿಡಿ. ಎಲ್ಲಾ ಒಟ್ಟಿಗೆ ಜೋಡಿಸಿಟ್ಟೇ ಫ್ಲಶ್ ಮಾಡಿದ್ರೆ ಬ್ಲಾಕ್‌ನ ಕೊಳೆಯೆಲ್ಲ ಹೋಗಿ ರೇಡಿಯೇಟರ್ ಟ್ಯೂಬ್‌ನಲ್ಲಿ ಕೂರತ್ತೆ, ಫ್ಲಶ್ ಮಾಡ್ಸಿದ ಮೇಲೇ ಹೀಟ್ ಜಾಸ್ತಿ ಆಯ್ತು ಅಂತ ಗೋಳಾಡೋರ ಕಥೆ ಇದೇ. ಫ್ಲಶ್ ಆದ ಮೇಲೆ ಮೇಲಿನ ಹೋಸ್ ರೇಡಿಯೇಟರ್‌ಗೆ ಸೇರೋ ಕಡೆ ಒಂದು ತುಂಡು ನೈಲಾನ್ ಸ್ಟಾಕಿಂಗ್ ಚೀಲದ ತರ ಸಿಕ್ಕಿಸಿ ಕೆಲವು ದಿನ ಓಡಿಸಿ. ಬಿಚ್ಚಿ ನೋಡಿದಾಗ ಅದರಲ್ಲಿ ಸಿಗೋ ತುಕ್ಕಿನ ಚೂರುಗಳೇ ಸಾಕ್ಷಿ. ಮರೆತು ತಿಂಗಳುಗಟ್ಟಲೆ ಬಿಡ್ಬೇಡಿ, ಅದೇ ಬ್ಲಾಕ್ ಆಗತ್ತೆ.

ರೇಡಿಯೇಟರ್ ಕೊನೆಗೆ ಬಂತು, ಬೇಕಂತಲೇ ಕೊನೆಗೆ ಇಟ್ಟೆ. ಗಾಡಿ ಬಿಸಿ ಇರುವಾಗ ಕೋರ್‌ನ ಅಡ್ಡಡ್ಡ ಉದ್ದುದ್ದ ಗನ್ ಹಿಡಿದು ನೋಡ್ತಾ ಹೋಗಿ. ಮೇಲಿಂದ ಕೆಳಗೆ ಸಮವಾಗಿ ಕಮ್ಮಿ ಆಗ್ತಾ ಬರ್ಬೇಕು. ಮಧ್ಯೆ ಒಂದು ಕಡೆ ಪಟ್ಟೆ ತರ ತಣ್ಣಗಿದ್ರೆ ಆ ಟ್ಯೂಬ್‌ಗಳಲ್ಲಿ ನೀರೇ ಹೋಗ್ತಿಲ್ಲ. ಮೇಲಿನ ಟ್ಯಾಂಕ್‌ಗೂ ಕೆಳಗಿನ ಟ್ಯಾಂಕ್‌ಗೂ ಏನೂ ವ್ಯತ್ಯಾಸನೇ ಇಲ್ಲ ಅಂದ್ರೆ ನೀರು ಹರೀತಿದೆ ಆದ್ರೆ ಗಾಳಿ ಬಿಸಿನ ತಗೊಂಡು ಹೋಗ್ತಿಲ್ಲ. ವ್ಯತ್ಯಾಸ ತುಂಬಾ ಜಾಸ್ತಿ ಇದ್ರೆ ನೀರು ನಿಧಾನಕ್ಕೆ ಹರೀತಿದೆ, ಪಂಪೋ ಬ್ಲಾಕೇಜೋ ನೋಡಿ. ಹೊರಗಿನ ಫಿನ್‌ಗಳಲ್ಲಿ ಹುಳ, ಧೂಳು, ಆಯಿಲ್ ಜಿಡ್ಡು ಇದ್ರೆ ಇಂಜಿನ್ ಕಡೆಯಿಂದ ಮುಂದಕ್ಕೆ ಮಾಮೂಲಿ ಪೈಪಲ್ಲಿ ತೊಳೀರಿ, ಪ್ರೆಶರ್ ವಾಷರ್ ಹತ್ತಿರ ಹಿಡಿದ್ರೆ ಫಿನ್ ಮಲಗಿಬಿಡ್ತವೆ. ಹಳೇ ತಾಮ್ರದ ಕೋರ್‌ನಲ್ಲಿ ಬೆರಳಿಂದ ಸವರಿದ್ರೆ ಫಿನ್ ಹಸಿರು ಪುಡಿಯಾಗಿ ಉದುರ್ತಿದ್ರೆ, ಟ್ಯೂಬಿಗೂ ಫಿನ್ನಿಗೂ ಬೆಸುಗೆ ಬಿಟ್ಟಿದೆ ಅಂತ, ಒಳಗೆ ಎಷ್ಟು ಕ್ಲೀನ್ ಇದ್ರೂ ಅದು ಬಿಸಿ ಬಿಡಲ್ಲ. ಆಗ ರೀಕೋರ್ ಮಾಡಿಸ್ಲೇಬೇಕು. ಮೇಲಿನ ಕೆಳಗಿನ ಹಿತ್ತಾಳೆ ಟ್ಯಾಂಕ್ ಹಳೇದೇ ಉಳಿಸ್ಕೊಂಡು ಕೋರ್ ಮಾತ್ರ ಹೊಸದು ಹಾಕಿಸಿದ್ರೆ ಗಾಡಿ ನೋಡೋಕೂ ಒರಿಜಿನಲ್ ಆಗೇ ಇರತ್ತೆ.

ಕ್ಯಾಪ್ ಚಿಕ್ಕದು, ಅವಾಂತರ ದೊಡ್ಡದು. ಒಂದೊಂದು ಪಿಎಸ್‌ಐ ಪ್ರೆಶರ್‌ಗೆ ಕುದಿಯೋ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೆ ಹೋಗತ್ತೆ, 7 ಪಿಎಸ್‌ಐ ಕ್ಯಾಪ್ ಸರಿಯಾಗಿ ಹಿಡಿದ್ರೆ ಬರೀ ನೀರೂ 110 ಡಿಗ್ರಿ ತನಕ ಕುದಿಯಲ್ಲ. ಕ್ಯಾಪ್‌ನ ರಬ್ಬರ್ ಗಟ್ಟಿಯಾಗಿ ಹಿಡೀಲಿಲ್ಲ ಅಂದ್ರೆ 100ಕ್ಕೇ ಕುದಿಯತ್ತೆ. ಹಾಗಂತ 4 ಅಥವಾ 7 ಇರೋ ಜಾಗಕ್ಕೆ 15ರ ಕ್ಯಾಪ್ ಹಾಕ್ಬೇಡಿ, ಅದರಿಂದ ಗಾಡಿ ತಣ್ಣಗಾಗಲ್ಲ, ಕುದಿಯೋದು ತಡ ಆಗತ್ತೆ ಅಷ್ಟೇ, ಮತ್ತೆ ಹಳೇ ಬೆಸುಗೆ, ಹೀಟರ್ ಕೋರ್ ಎಲ್ಲಾದ್ರೂ ಬಾಯಿ ಬಿಡತ್ತೆ. ಕ್ಯಾಪ್‌ನ ಒಳಗಿನ ಉದ್ದ ಕೂಡ ಬೇರೆ ಬೇರೆ ಬರತ್ತೆ, ಗಿಡ್ಡ ಕ್ಯಾಪ್ ಹಾಕಿದ್ರೆ ಸೀಟಿಗೆ ತಾಗೋದೇ ಇಲ್ಲ, ಮೇಲಿಂದ ನೋಡಿದ್ರೆ ಪಕ್ಕಾ ಕೂತಂಗೇ ಕಾಣತ್ತೆ.

ನೀರಿಗೆ ಸಂಬಂಧನೇ ಇಲ್ದಿರೋ ಕಾರಣಗಳು

ಇಂಜಿನ್ ಬಿಸಿನ ಜಾಸ್ತಿ ಹುಟ್ಟಿಸ್ತಿದ್ರೆ ಕೂಲಿಂಗ್ ಸಿಸ್ಟಮ್ ಪಾಪ ಏನ್ ಮಾಡತ್ತೆ. ಇಗ್ನಿಷನ್ ಟೈಮಿಂಗ್ ಲೇಟ್ ಆಗಿದ್ರೆ ಪೆಟ್ರೋಲ್ ಉರಿಯೋದು ತಡವಾಗಿ, ಉರೀತಿರೋ ಬೆಂಕಿನೇ ಎಕ್ಸಾಸ್ಟ್ ಪೋರ್ಟ್‌ಗೆ ಹೋಗತ್ತೆ, ಅಲ್ಲಿಂದ ಬಿಸಿಯೆಲ್ಲ ನೀರಿಗೆ. ಗಾಡಿ ಮಂದ ಎಳೀತಿದೆ ಜೊತೆಗೆ ಹೀಟೂ ಇದೆ ಅಂದ್ರೆ ಟೈಮಿಂಗ್ ಲೈಟ್ ಹಿಡೀರಿ, ಐಡ್ಲಿಂಗ್‌ನಲ್ಲಿ ಮಾತ್ರ ಅಲ್ಲ, ರೇಸ್ ಕೊಟ್ಟಾಗ ಅಡ್ವಾನ್ಸ್ ಆಗ್ತಿದ್ಯಾ (ಸ್ಪಾರ್ಕ್ ಇನ್ನೂ ಬೇಗ ಬರ್ತಿದ್ಯಾ) ಅಂತಾನೂ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚೋದು) ಒಳಗೆ ಅಡ್ವಾನ್ಸ್ ಮಾಡೋ ವೇಯ್ಟ್‌ಗಳು ಎಣ್ಣೆ ಕಾಣದೆ ಹಿಡ್ಕೊಂಡಿರ್ತವೆ. ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಕಿತ್ತು ಬಾಯಲ್ಲಿ ಎಳೆದು ನಾಲಿಗೆ ಒತ್ತಿ ಹಿಡೀರಿ, ಪ್ಲೇಟ್ ಸರಿದು ಹಾಗೇ ನಿಂತ್ರೆ ಡಯಾಫ್ರಮ್ ಸರಿ ಇದೆ, ಎಳೆದಷ್ಟೂ ಗಾಳಿ ಬರ್ತಾನೇ ಇದ್ರೆ ಹರಿದಿದೆ.

ಮಿಕ್ಸ್ಚರ್ ಲೀನ್ (ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ) ಆದ್ರೂ ಇದೇ ಕಥೆ. ಸ್ಪಾರ್ಕ್ ಪ್ಲಗ್ ತೆಗೆದಾಗ ಬಿಳಿ ಸುಣ್ಣದ ತರ ಇದ್ರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್, ಕಾರ್ಬ್ಯುರೇಟರ್‌ನ ಜೆಟ್ (ಪೆಟ್ರೋಲ್ ಬರೋ ಸಣ್ಣ ತೂತು) ಕಟ್ಟಿರೋದು ನೋಡಿ. 10% ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದ್ರೆ ಅದರಲ್ಲಿರೋ ಆಕ್ಸಿಜನ್‌ನಿಂದಾಗಿ ಹಳೇ ಕಾರ್ಬ್ಯುರೇಟರ್ ಸೆಟ್ಟಿಂಗ್ ಸ್ವಲ್ಪ ಲೀನ್ ಕಡೆ ಹೋಗತ್ತೆ, ಮೊದಲೇ ಅಂಚಲ್ಲಿದ್ದ ಗಾಡಿಗೆ ಅಷ್ಟೇ ಸಾಕು. ಇನ್ನು ಬ್ರೇಕ್ ಬಿಡದೆ ಹಿಡ್ಕೊಂಡಿರೋದು, ಸೈಲೆನ್ಸರ್ ಒಳಗೆ ಕುಸಿದು ಕಟ್ಟಿರೋದು, ಇವೂ ಇಂಜಿನ್‌ಗೆ ಭಾರನೇ.

ಕೆಲವು ಇಂಜಿನ್‌ಗಳು ಹುಟ್ಟಿದಾಗಿಂದ್ಲೇ ಬಿಸಿ ಸ್ವಭಾವದವು. 1932ರಲ್ಲಿ ಬಂದ ಫೋರ್ಡ್ ಫ್ಲಾಟ್‌ಹೆಡ್ ವಿ8ನಲ್ಲಿ ಎಕ್ಸಾಸ್ಟ್ ದಾರಿ ಬ್ಲಾಕ್ ಒಳಗಿಂದ ನೀರಿನ ಜಾಕೆಟ್ ಮಧ್ಯೆನೇ ಹಾದು ಹೋಗತ್ತೆ. 1970ರ ದಶಕದ ಟ್ರಯಂಫ್ ಸ್ಟಾಗ್‌ನಲ್ಲಿ ವಾಟರ್ ಪಂಪ್ ಇಂಜಿನ್‌ನ ಮೇಲ್ಭಾಗದಲ್ಲಿದೆ, ನೀರು ಸ್ವಲ್ಪ ಕಮ್ಮಿಯಾದ್ರೂ ಮೊದ್ಲು ಒಣಗೋದೇ ಪಂಪ್. ಇಂಥ ಗಾಡಿಗಳಲ್ಲಿ ಆಮೇಲೆ ನೋಡೋಣ ಅನ್ನೋ ಮಾತೇ ಇಲ್ಲ, ಎಲ್ಲಾ ಪಾರ್ಟೂ ಪಕ್ಕಾ ಇರ್ಬೇಕು.

ಹೆಡ್ ಗ್ಯಾಸ್ಕೆಟ್ ಡೌಟು

ಆಯಿಲ್ ಕ್ಯಾಪ್ ಕೆಳಗೆ ಬೆಣ್ಣೆ ತರ ಬಿಳಿ ಜಿಡ್ಡು ಕಂಡ ತಕ್ಷಣ ಗ್ಯಾಸ್ಕೆಟ್ ಹೋಯ್ತು ಅಂತ ಎದೆ ಹೊಡ್ಕೊಬೇಡಿ, ಸಣ್ಣ ಸಣ್ಣ ದೂರ ಓಡಿಸೋ ಗಾಡಿಗಳಲ್ಲಿ ಅದು ಬರೀ ಹಬೆ ತಣ್ಣಗಾಗಿ ಆಗಿರತ್ತೆ. ಡಿಪ್‌ಸ್ಟಿಕ್‌ನಲ್ಲೂ ಆಯಿಲ್ ಹಾಗೇ ಇದ್ರೆ ಆಗ ಭಯ ಪಡಿ.

ಮನೇಲೇ ಮಾಡೋ ಟೆಸ್ಟ್ ಇದು. ಇಂಜಿನ್ ಪೂರ್ತಿ ತಣ್ಣಗಿರುವಾಗ ಫ್ಯಾನ್ ಬೆಲ್ಟ್ ಬಿಚ್ಚಿಡಿ, ಪಂಪ್ ತಿರುಗಿ ನೀರು ಕಲಕಬಾರ್ದು ಅಂತ. ಕ್ಯಾಪ್ ತೆಗೆದು ನೀರು ಬಾಯಿ ತನಕ ತುಂಬಿಸಿ, ಸ್ಟಾರ್ಟ್ ಮಾಡಿ ಒಂದೇ ಒಂದು ನಿಮಿಷ ಸ್ವಲ್ಪ ರೇಸ್ ಕೊಡಿ. ಸಿಕ್ಕಾಕೊಂಡಿದ್ದ ಗಾಳಿ ಒಂದೆರಡು ಗುಳ್ಳೆ ಬರ್ಬೋದು, ಬಿಡದೆ ಗುಳುಗುಳು ಅಂತ ಬರ್ತಾನೇ ಇದ್ರೆ ಸಿಲಿಂಡರ್ ಗ್ಯಾಸ್ ನೀರಿಗೆ ನುಗ್ತಿದೆ. ಇದನ್ನ ಖಚಿತ ಮಾಡ್ಕೊಳೋಕೆ ರೇಡಿಯೇಟರ್ ಬಾಯಿಗೆ ಇಟ್ಟು ಗಾಳಿ ಎಳೆಯೋ ನೀಲಿ ದ್ರವದ ಟೆಸ್ಟರ್ ಸಿಗತ್ತೆ, ಎಕ್ಸಾಸ್ಟ್ ಗ್ಯಾಸ್ ಸಿಕ್ರೆ ನೀಲಿ ಹೋಗಿ ಹಳದಿ ಆಗತ್ತೆ. ಕಂಪ್ರೆಷನ್ ಟೆಸ್ಟ್‌ನಲ್ಲಿ (ಒಂದೊಂದು ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ಬಂದ್ರೆ ಅವುಗಳ ಮಧ್ಯೆ ಗ್ಯಾಸ್ಕೆಟ್ ಸುಟ್ಟಿದೆ.

ಇಂಜಿನ್ ಕೆಲಸ ಆದ ಮೇಲೇ ಹೀಟ್ ಶುರುವಾಗಿದ್ರೆ ಗ್ಯಾಸ್ಕೆಟ್ ಉಲ್ಟಾ ಹಾಕಿರೋ ಸಾಧ್ಯತೆನೂ ಇದೆ. ಫೋರ್ಡ್‌ನ ಸಣ್ಣ ವಿ8ಗಳಲ್ಲಿ ಗ್ಯಾಸ್ಕೆಟ್ ಮೇಲೆ ಮುಂಭಾಗ ಯಾವುದು ಅಂತಲೇ ಬರೆದಿರತ್ತೆ, ಅದನ್ನ ತಿರುಗಿಸಿ ಹಾಕಿದ್ರೆ ನೀರಿನ ತೂತುಗಳು ತಪ್ಪು ಜಾಗಕ್ಕೆ ಬಂದು ನೀರು ಹಿಂದಿನ ತನಕ ಹೋಗದೆ ಮುಂದಿನಿಂದಲೇ ವಾಪಸ್ ಬರತ್ತೆ.

ತುಂಬಿಸೋದು, ಗಾಳಿ ತೆಗೆಯೋದು

ಕೂಲಂಟ್ 50:50 ಹಾಕಿ, ಡಿಸ್ಟಿಲ್ಡ್ ವಾಟರ್ ಜೊತೆ. ಜಾಸ್ತಿ ಕೂಲಂಟ್ ಹಾಕಿದ್ರೆ ಜಾಸ್ತಿ ತಣ್ಣಗೆ ಅನ್ನೋದು ತಪ್ಪು, ಬಿಸಿ ಹೊರೋ ಶಕ್ತಿ ನೀರಿಗೇ ಜಾಸ್ತಿ, ಕೂಲಂಟ್ ಇರೋದು ತುಕ್ಕು ತಡೆಯೋಕೆ, ಕುದಿಯೋದನ್ನ ಹೆಪ್ಪುಗಟ್ಟೋದನ್ನ ದೂರ ಇಡೋಕೆ. ಹಳೇ ತಾಮ್ರ, ಹಿತ್ತಾಳೆ, ಬೆಸುಗೆ ಇರೋ ಗಾಡಿಗೆ ಹಳೇ ಕಾಲದ ಹಸಿರು ಅಥವಾ ನೀಲಿ ಟೈಪ್ ಸಾಕು, ಬಣ್ಣ ನೋಡಿ ಮಾತ್ರ ನಂಬ್ಬೇಡಿ ಡಬ್ಬಿ ಮೇಲೆ ಓದಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಎರಡು ಟೈಪ್ ಬೆರೆಸ್ಬೇಡಿ. ಚೆಲ್ಲಿದ್ದನ್ನ ಹಾಗೇ ಬಿಡ್ಬೇಡಿ, ಅದು ಸಿಹಿ ಇರತ್ತೆ, ನಾಯಿ ಬೆಕ್ಕು ನೆಕ್ಕಿದ್ರೆ ಸಾಯ್ತವೆ.

ತುಂಬಿಸುವಾಗ ಗಾಡಿ ಮೂತಿ ಮೇಲಿರೋ ಹಾಗೆ ನಿಲ್ಲಿಸಿ, ಹೀಟರ್ ಟ್ಯಾಪ್ ತೆರೆದಿಡಿ, ನಿಧಾನಕ್ಕೆ ಸುರೀರಿ. ಕ್ಯಾಪ್ ತೆಗೆದೇ ಇಟ್ಟು ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ, ಮಧ್ಯೆ ಮಧ್ಯೆ ಮೇಲಿನ ಹೋಸ್ ಹಿಸುಕಿ, ಗುಳ್ಳೆ ಬರತ್ತೆ. ಥರ್ಮೋಸ್ಟಾಟ್ ತೆರೆದಾಗ ಲೆವೆಲ್ ಒಮ್ಮೆಲೇ ಇಳಿಯತ್ತೆ, ಆಗ ಇಂಜಿನ್ ಓಡ್ತಿರುವಾಗಲೇ ಸ್ವಲ್ಪ ಸ್ವಲ್ಪ ತುಂಬಿಸಿ ಕ್ಯಾಪ್ ಹಾಕಿ. ಹೀಟರ್‌ನಿಂದ ಬಿಸಿ ಗಾಳಿ ಬರ್ತಿಲ್ಲ ಅಂದ್ರೆ ಇನ್ನೂ ಒಳಗೆ ಗಾಳಿ ಇದೆ. ಒಂದು ರೌಂಡ್ ಓಡಿಸಿ ಬಂದು, ಪೂರ್ತಿ ತಣ್ಣಗಾದ ಮೇಲೆ ಲೆವೆಲ್ ನೋಡಿ, ಹೋಸ್ ಕ್ಲಿಪ್‌ಗಳನ್ನ ಇನ್ನೊಂದು ಅರ್ಧ ಸುತ್ತು ಬಿಗಿ ಮಾಡಿ, ಹೊಸ ರಬ್ಬರ್ ಮೊದಲನೇ ಸಲ ಬಿಸಿಯಾದಾಗ ಸ್ವಲ್ಪ ಕೂರತ್ತೆ.